ಗೊತ್ತಿಲ್ಲ ಎಂಬ ಉತ್ತರ

ಒಂದು ವರ್ಷದಿಂದ ನಾನು ಮನುಷ್ಯನ ಶರೀರವನ್ನು ಓದುತ್ತಿದ್ದೇನೆ. ಓದುತ್ತಿದ್ದೇನೆ ಎನ್ನುವುದು ಸ್ವಲ್ಪ ಜಂಬದ ಮಾತಾಯಿತು. ಓದುವವಳು ನನ್ನ ತಂಗಿಯ ಮಗಳು. ನಾನು ಬರೇ ಪ್ರಶ್ನೆ ಕೇಳುವವಳು. ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುವ ಹುಡುಗಿ ಅದು. ಡಾಕ್ಟರಾಗಬೇಕೆಂಬ ಹಟ. ತಂಗಿಯ ಮನೆ ಬೆಳ್ತಂಗಡಿಯಿಂದಲೂ ಆಚೆ, ಮುಂಡಾಜೆಯ ಕಡೆ. ಅಷ್ಟು ದೂರ ಹೋಗಿ ಬರುವುದರಲ್ಲಿ ರಜೆಯೇ ಮುಗಿಯುತ್ತದೆಂದು ಹೊರಗೆ ಬಿಡುವ ದಿನಗಳಲ್ಲಿ ಸಿದ್ಧಕಟ್ಟೆಯ ದಾರಿಯಾಗಿ ಬಸ್ಸು ಹಿಡಿದು ಬಂಟ್ವಾಳಕ್ಕೆ ನಮ್ಮ ಮನೆಗೆ ಬರುತ್ತಾಳೆ. ಬರುವಾಗ ಚೀಲದಲ್ಲಿ ಒಗೆಯುವ ಬಟ್ಟೆ ಮತ್ತು ಕೆಂಪು ಕಲ್ಲಿನಷ್ಟು ದಪ್ಪದ ಪ್ರಶ್ನೆಗಳ ಪುಸ್ತಕ. ಬಟ್ಟೆ ಮೆಷಿನ್ನಿಗೆ, ಪುಸ್ತಕ ನನ್ನ ಕೈಗೆ.

"ದೊಡ್ಡಮ್ಮ, ನೀವು ಕೇಳಿ, ನಾನು ಹೇಳ್ತೇನೆ. ನಾಲ್ಕು ಆಪ್ಷನ್ನೂ ಓದ್ಬೇಕು. ಉತ್ತರ ನೋಡಿ ನಗಾಡ್ಬಾರ್ದು."

ನಾನು ಬಿ.ಎ., ಬಿ.ಎಡ್. ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. ವಿಜ್ಞಾನ ನನ್ನನ್ನು ಬಿಟ್ಟದ್ದು ಎಸ್ಸೆಸ್ಸೆಲ್ಸಿಯಲ್ಲಿ. ಅಥವಾ ನಾನು ಅದನ್ನು ಬಿಟ್ಟದ್ದು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅಲಸಂಡೆ ಮುರಿಯುತ್ತ ಕೇಳುತ್ತೇನೆ. ಹೃದಯ ಒಮ್ಮೆ ಬಡಿದಾಗ ಹೊರದೂಡುವ ರಕ್ತವೆಷ್ಟು? ಸುಮಾರು 70 ಮಿಲಿಲೀಟರ್. ನಿಮಿಷಕ್ಕೆ 72 ಬಡಿತ, ಅಂದರೆ ನಿಮಿಷವೊಂದಕ್ಕೆ 5 ಲೀಟರ್. ಮೂತ್ರಪಿಂಡಗಳು ದಿನಕ್ಕೆ ಸೋಸುವ ದ್ರವ ಎಷ್ಟು? 180 ಲೀಟರ್, ಅದರಲ್ಲಿ ಒಂದೂವರೆ ಲೀಟರ್ ಮಾತ್ರ ಹೊರಗೆ ಹೋಗಿ ಉಳಿದದ್ದೆಲ್ಲ ಹಿಂದಕ್ಕೆ ಬರುತ್ತದಂತೆ. ಕುತ್ತಿಗೆಯ ಕಶೇರುಮಣಿಗಳು ಎಷ್ಟು? ಏಳು. ಜಿರಾಫೆಗೂ ಏಳೇ. ಇದನ್ನು ಕೇಳಿದ ದಿನ ನಾನು ಅಲಸಂಡೆ ಕೆಳಗಿಟ್ಟು ನನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡೆ. ಐವತ್ತು ದಾಟಿದ ಮೇಲೆ ನನ್ನ ಮೈಯನ್ನು ನಾನು ಹೊಸದಾಗಿ ಪರಿಚಯ ಮಾಡಿಕೊಂಡ ಹಾಗಾಯಿತು.

ನಮ್ಮ ಕಾಲದಲ್ಲಿ ಈ ಪರಿಚಯವನ್ನು ಯಾರೂ ಮಾಡಿಕೊಡಲಿಲ್ಲ. ಹತ್ತನೆಯ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ನಮ್ಮ ಮೇಷ್ಟ್ರು, "ಇದು ಸುಲಭ ಉಂಟು, ಮನೆಯಲ್ಲಿ ಓದಿಕೊಳ್ಳಿ" ಎಂದು ಮುಂದಿನ ಪಾಠಕ್ಕೆ ಹೋದರು. ಮನೆಯಲ್ಲಿ ಓದುವುದೆಂದರೆ? ಡಾ. ಅನುಪಮಾ ನಿರಂಜನ ಅವರ 'ಕೇಳು ಕಿಶೋರಿ' ನನ್ನ ಗೆಳತಿಯೊಬ್ಬಳ ಅಕ್ಕನ ಪೆಟ್ಟಿಗೆಯಿಂದ ಹೊರಟು, ಹಳೆಯ ಪೇಪರಿನ ಬೈಂಡು ಹಾಕಿಸಿಕೊಂಡು, ನಮ್ಮ ಬೆಂಚಿನ ಐದು ಹುಡುಗಿಯರ ಮನೆ ಸುತ್ತಿ ಬಂದದ್ದು ನೆನಪಿದೆ. ನನ್ನ ವಯಸ್ಸಿನ ಓದುಗರಲ್ಲಿ ಎಷ್ಟೋ ಮಂದಿಗೆ ಅಂಥದೊಂದು ಬೈಂಡಿನ ಪುಸ್ತಕದ ನೆನಪು ಇದ್ದೀತು.

ಇರಲಿ. ಮೊದಮೊದಲು ಈ ನಾಲ್ಕು ಆಯ್ಕೆಯ ಪ್ರಶ್ನೆಗಳ ಮೇಲೆ ನನಗೆ ಸಿಟ್ಟಿತ್ತು. ಇದೆಂಥ ಓದು? ಶರೀರವನ್ನು ತುಂಡು ತುಂಡು ಮಾಡಿ ಅ, ಆ, ಇ, ಈ ಎಂದು ಹಂಚಿಟ್ಟ ಹಾಗೆ. ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಬೇರೆ. ಒಂದು ಸಂಜೆ ಹುಡುಗಿ ಒಂದು ಪ್ರಶ್ನೆಗೆ ತಡವರಿಸಿದಳು. ಯಾವುದೋ ಗ್ರಂಥಿಯ ಯಾವುದೋ ಸ್ರಾವದ ವಿಷಯ. ನಾನು, "ಗೊತ್ತಿಲ್ಲ ಅಂತ ಹೇಳು, ಮುಂದೆ ಹೋಗುವ" ಎಂದೆ.

"ಗೊತ್ತಿಲ್ಲ ಅಂತ ಆಪ್ಷನ್ ಇಲ್ಲ ದೊಡ್ಡಮ್ಮ" ಎಂದಳು. ಎರಡನೆಯದನ್ನು ಆರಿಸಿದಳು. ಸರಿಯಾಗಿತ್ತು.

ತಪ್ಪಿಗೆ ಅಂಕ ಕಳೆಯುತ್ತಾರಲ್ಲ, ಆ ಹೆದರಿಕೆಗೆ ಮಕ್ಕಳು ಊಹಿಸಲಿಕ್ಕಿಲ್ಲ ಎಂದು ನಾನು ಭಾವಿಸಿದ್ದೆ. ನೀಟ್ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಬಿಟ್ಟರೆ ಸೊನ್ನೆ. 180 ಪ್ರಶ್ನೆಗಳಲ್ಲಿ 90 ಜೀವವಿಜ್ಞಾನದವು. ನಮ್ಮ ಶಾಲೆಯ ಗಣಿತದ ಟೀಚರ್ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ನನಗೆ ಲೆಕ್ಕ ಬಿಡಿಸಿ ತೋರಿಸಿದರು. ಏನೂ ಗೊತ್ತಿಲ್ಲದ ನಾಲ್ಕು ಪ್ರಶ್ನೆಗೆ ಕಣ್ಣು ಮುಚ್ಚಿ ಉತ್ತರ ಕೊಟ್ಟರೆ ಸರಾಸರಿಯಲ್ಲಿ ಒಂದು ಸರಿ, ಮೂರು ತಪ್ಪು. ನಾಲ್ಕರಲ್ಲಿ ಮೂರು ಹೋಗಿ ಒಂದು ಅಂಕ ಉಳಿಯಿತು. ಎರಡು ಆಯ್ಕೆಗಳನ್ನಾದರೂ ತಳ್ಳಿಹಾಕಲು ಗೊತ್ತಿದ್ದರೆ ಎರಡು ಪ್ರಶ್ನೆಗೆ ಮೂರು ಅಂಕ ಲಾಭ. ಅಂದರೆ ದಂಡ ಹಾಕಿದ ಮೇಲೂ ಊಹಿಸಿದವಳಿಗೇ ಲಾಭ; "ಗೊತ್ತಿಲ್ಲ" ಎಂದು ಖಾಲಿ ಬಿಟ್ಟ ಪ್ರಾಮಾಣಿಕಳಿಗೆ ಸೊನ್ನೆ. 1994ರಿಂದ ನಮ್ಮಲ್ಲಿ ನಡೆಯುತ್ತಿರುವ ಸಿಇಟಿಯಲ್ಲಂತೂ ಕಡಿತವೇ ಇಲ್ಲ. ಅಲ್ಲಿ ಖಾಲಿ ಬಿಡುವವರು ಪೆದ್ದರು.

ಆ ಪರೀಕ್ಷೆಗಳನ್ನು ಬಯ್ಯಲು ಬಾಯಿ ತೆರೆದೆ. ತೆರೆದವಳು ಸುಮ್ಮನಾದೆ. ಮೂವತ್ತು ವರ್ಷ ಪಾಠ ಮಾಡಿದ ನಾನು ಯಾವತ್ತಾದರೂ "ಗೊತ್ತಿಲ್ಲ ಟೀಚರ್" ಎಂದ ಮಗುವಿಗೆ ಅರ್ಧ ಅಂಕವಾದರೂ ಕೊಟ್ಟದ್ದುಂಟೆ? ನಿಲ್ಲಿಸಿದ್ದುಂಟು.

ಇನ್ನೊಂದು ವಿಷಯ ಹೇಳಬೇಕು. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ವಿಜ್ಞಾನದವರು ರಜೆಯಲ್ಲಿದ್ದಾಗ ಅವರ ಪೀರಿಯಡ್ಡಿಗೆ ಹೋಗಿದ್ದೆ. ಪುಸ್ತಕ ತೆರೆದು, ನಮ್ಮ ಮೈಯಲ್ಲಿ 206 ಎಲುಬುಗಳಿವೆ ಎಂದು ಓದಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಣ್ಣ ಮಗುವಿಗೂ ಅಷ್ಟೇ ಉಂಟಾ ಟೀಚರ್?" ಎಂದು ಕೇಳಿದಳು. ಅವಳ ಮನೆಯಲ್ಲಿ ಆಗಷ್ಟೇ ತಮ್ಮ ಹುಟ್ಟಿದ್ದ. ನನಗೆ ಗೊತ್ತಿರಲಿಲ್ಲ. "ಮತ್ತೆ? ದೊಡ್ಡವರಾದ ಮೇಲೆ ಎಲುಬು ಅಂಗಡಿಯಿಂದ ತರ್ತಾರಾ?" ಎಂದೆ. ಕ್ಲಾಸು ನಕ್ಕಿತು. ಹುಡುಗಿ ಕೂತಳು. ಈಗ ಈ ದಪ್ಪ ಪುಸ್ತಕ ಹಿಡಿದು ಕೂತಾಗ ತಿಳಿಯಿತು. ಹುಟ್ಟುವ ಮಗುವಿನಲ್ಲಿ ಸುಮಾರು 300 ಬಿಡಿ ಎಲುಬು ಮತ್ತು ಮೃದ್ವಸ್ಥಿಯ ತುಂಡುಗಳಿರುತ್ತವೆ, ಬೆಳೆಯುತ್ತ ಒಂದಕ್ಕೊಂದು ಬೆಸೆದು 206 ಆಗುತ್ತವೆ. ಅವಳ ಪ್ರಶ್ನೆ ನನ್ನ ಉತ್ತರಕ್ಕಿಂತ ಎಷ್ಟೋ ದೊಡ್ಡದಾಗಿತ್ತು. ಗೊತ್ತಿಲ್ಲದ್ದು ತಪ್ಪಲ್ಲ ಎಂದು ನನ್ನನ್ನು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಆ ನಗೆ ಯಾಕೆ ಬೇಕಿತ್ತು?

ಈ ರೋಗ ನನ್ನೊಬ್ಬಳದೇ ಅಲ್ಲ ಎಂಬುದಕ್ಕೆ ವೈದ್ಯಶಾಸ್ತ್ರದ ಚರಿತ್ರೆಯೇ ಸಾಕ್ಷಿ. ಎರಡನೆಯ ಶತಮಾನದಲ್ಲಿ ಗೇಲನ್ ಎಂಬ ದೊಡ್ಡ ವೈದ್ಯ ಕೋತಿ, ಹಂದಿಗಳನ್ನು ಕೊಯ್ದು ನೋಡಿ ಮನುಷ್ಯನ ಶರೀರದ ಬಗ್ಗೆ ಬರೆದ. ಹೃದಯದ ಬಲಭಾಗದಿಂದ ಎಡಭಾಗಕ್ಕೆ ರಕ್ತ ಹೇಗೆ ಹೋಗುತ್ತದೆಂದು ಅವನಿಗೆ ಗೊತ್ತಾಗಲಿಲ್ಲ. ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ ಎಂದ. ಸುಮಾರು 1400 ವರ್ಷ ಕಾಲ ಓದಿದವರಲ್ಲಿ ಹೆಚ್ಚಿನವರು ಆ ತೂತುಗಳನ್ನು ನಂಬಿದರು. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ಮೈಯೆಲ್ಲ ಸುತ್ತಿ ಹೃದಯಕ್ಕೇ ಮರಳುತ್ತದೆಂದು ಲೆಕ್ಕ ಹಾಕಿ ತೋರಿಸಿದ. ಆದರೆ ಅಪಧಮನಿಯಿಂದ ಅಭಿಧಮನಿಗೆ ಅದು ದಾಟುವ ದಾರಿಯನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಆ ಸೂಕ್ಷ್ಮ ಲೋಮನಾಳಗಳನ್ನು ಮಾಲ್ಪೀಗಿ ಎಂಬಾತ ಕಪ್ಪೆಯ ಶ್ವಾಸಕೋಶದಲ್ಲಿ ಕಂಡದ್ದನ್ನು ಪ್ರಕಟಿಸಿದ್ದು 1661ರಲ್ಲಿ. ಅಷ್ಟರಲ್ಲಿ ಹಾರ್ವೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಗೇಲನ್ನನನ್ನು ಹಗುರ ಮಾಡುವ ಯೋಗ್ಯತೆ ನನಗಿಲ್ಲ. ಆದರೂ ಅವನು ಕಾಣದ ತೂತನ್ನು ತುಂಬಿಸಿಟ್ಟದ್ದರಿಂದಲ್ಲವೆ ಅಷ್ಟು ಶತಮಾನ ಹೆಚ್ಚಿನವರು ಅಲ್ಲಿ ಹುಡುಕದೆ ಹೋದದ್ದು?

ಮೂಡುಬಿದಿರೆಗೆ ಹುಡುಗಿಯನ್ನು ಬಿಡಲು ಹೋದಾಗ ಸಮಯವಿದ್ದರೆ ನಾನು ಸಾವಿರ ಕಂಬದ ಬಸದಿಗೆ ಹೋಗಿ ಸ್ವಲ್ಪ ಹೊತ್ತು ಕೂರುತ್ತೇನೆ. 1430ರಲ್ಲಿ ಕಟ್ಟಿದ್ದು, ನಡು ಮಧ್ಯಾಹ್ನದಲ್ಲೂ ಒಳಗೆ ತಂಪು. ಒಂದು ದಿನ ಅಲ್ಲಿ ಕೂತು ಯೋಚಿಸಿದೆ. ಇದು ಸ್ಯಾದ್ವಾದದ ಊರಲ್ಲವೆ! ಒಂದು ವಸ್ತುವಿನ ಬಗ್ಗೆ 'ಇದೆ', 'ಇಲ್ಲ' ಎಂದು ಎರಡೇ ಮಾತಿಗೆ ನಿಲ್ಲದೆ ಏಳು ಬಗೆಯಲ್ಲಿ ಹೇಳಬಹುದೆಂದು ತೋರಿಸಿದವರ ಪರಂಪರೆ. ಅದರಲ್ಲೊಂದು 'ಅವಕ್ತವ್ಯ', ಮಾತಿನಲ್ಲಿ ಹೇಳಲಿಕ್ಕಾಗದ್ದು. ಅದೇ ಊರಿನಲ್ಲಿ ಇವತ್ತು ಸಾವಿರಾರು ಮಕ್ಕಳು ನಾಲ್ಕೇ ಆಯ್ಕೆಗಳ ನಡುವೆ ನಿದ್ದೆಗೆಡುತ್ತಿದ್ದಾರೆ. ಈ ಹೋಲಿಕೆ ನನಗೆ ಬಹಳ ಚೆನ್ನಾಗಿ ಕಂಡು, ಸ್ಟಾಫ್ ರೂಮಿನಲ್ಲಿ ಹೇಳಿದೆ. ನಮ್ಮಲ್ಲಿ ಜೈನರಾದ ಹಿರಿಯ ಟೀಚರೊಬ್ಬರಿದ್ದಾರೆ. ಅವರು ನಕ್ಕು, "'ಸ್ಯಾತ್' ಅಂದರೆ 'ಇದ್ದರೂ ಇರಬಹುದು' ಅಂತ ಅಲ್ಲಮ್ಮ, 'ಒಂದು ದೃಷ್ಟಿಯಿಂದ' ಅಂತ ಅರ್ಥ. ಅವಕ್ತವ್ಯ ಅಂದರೆ ಗೊತ್ತಿಲ್ಲ ಅಂತಲೂ ಅಲ್ಲ. ಗೊತ್ತಿಲ್ಲದವನ ಮಾತು ಅಲ್ಲ ಅದು, ಜಾಸ್ತಿ ನೋಡಿದವನ ಮಾತು" ಎಂದು ತಿದ್ದಿದರು. ಇಲ್ಲೂ ಊಹಿಸಿ ಮಾತಾಡಿದ್ದೆ ಎಂದಾಯಿತು.

ಇಷ್ಟೆಲ್ಲ ಸುತ್ತುಬಳಸು ಯಾಕೆಂದರೆ, ಹೇಳಬೇಕಾದ ಮಾತು ಸುಲಭದ್ದಲ್ಲ.

2004ರ ಮೇ ತಿಂಗಳು. ಬೇಸಿಗೆ ರಜೆಗೆ ತಾಯಿಮನೆಗೆ ಹೋಗಿದ್ದೆ. ಮಡಂತ್ಯಾರಿನಿಂದ ಒಳಗೆ ಹೋಗಬೇಕು. ಆಗ ಮನೆಯ ತನಕ ಮಣ್ಣಿನ ದಾರಿ. ಅಮ್ಮನಿಗೆ ಅರುವತ್ತಾರು, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮಧ್ಯಾಹ್ನ ಹಲಸಿನ ಹಣ್ಣಿನ ಗಟ್ಟಿ ಮಾಡಿದ್ದೆವು. ಬೇಡವೆಂದರೂ ಎರಡು ತಿಂದಿದ್ದರು. ರಾತ್ರಿ ಒಂಬತ್ತರ ಸುಮಾರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಏನೋ ಒತ್ತಿದ ಹಾಗಾಗುತ್ತದೆಂದರು. ಬೆನ್ನು ನೋವೆಂದರು. ಸ್ವಲ್ಪ ಹೊತ್ತಿಗೆ ದವಡೆ ಸೆಳೆಯುತ್ತದೆಂದರು. ಮೈ ಬೆವರಿತ್ತು, ಮೇ ತಿಂಗಳಲ್ಲಿ ಯಾರ ಮೈ ಬೆವರುವುದಿಲ್ಲ?

"ಎಂತ ಇದು ಮಗಾ?" ಎಂದು ತುಳುವಿನಲ್ಲಿ ಕೇಳಿದರು.

"ಗ್ಯಾಸ್ ಅಮ್ಮ. ಹಲಸಿನದ್ದು. ಎಂತ ಇಲ್ಲ" ಎಂದೆ. ಓಮದ ಕಷಾಯ ಮಾಡಿ ಕೊಟ್ಟೆ. ಬೆನ್ನು ತಿಕ್ಕಿದೆ.

ಮುಂಡಾಜೆಯಿಂದ ತಂಗಿ ಅಮ್ಮನಿಗೆಂದು ಫೋನು ಮಾಡಿದಳು. ಅಮ್ಮನ ಅವಸ್ಥೆ ಹೇಳಿದೆ. "ಎದೆಯದ್ದಲ್ಲ ಅಲ್ವಾ ಅಕ್ಕ? ಜೀಪು ಮಾಡಿಕೊಂಡು ಬರ್ಲಾ?" ಎಂದಳು. "ಛೆ, ಗ್ಯಾಸ್. ನೀನು ಮಲಗು" ಎಂದೆ. ಇದನ್ನು ನಾನು ಎಷ್ಟು ಖಚಿತವಾಗಿ ಹೇಳಿದೆನೆಂದರೆ ಹೇಳಿದ ಮೇಲೆ ನನಗೂ ಧೈರ್ಯ ಬಂತು. ಬೆಳಗ್ಗೆ ಆರೂವರೆಗೆ ಅಮ್ಮನಿಗೆ ಉಸಿರು ಕಟ್ಟತೊಡಗಿದಾಗ ಜೀಪಿಗೆ ಓಡಿದ್ದು. ಮಂಗಳೂರಿನಲ್ಲಿ ಡಾಕ್ಟರು ಇಸಿಜಿ ನೋಡಿ, ಹೃದಯಾಘಾತವಾಗಿ ಅನೇಕ ಗಂಟೆಗಳಾಗಿವೆ, ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿದೆ, ಬೇಗ ತಂದಿದ್ದರೆ ಒಂದಷ್ಟನ್ನು ಉಳಿಸಬಹುದಿತ್ತು ಎಂದರು. ಅಮ್ಮ ಆಮೇಲೆ ಹದಿನಾಲ್ಕು ತಿಂಗಳು ಬದುಕಿದರು. ಅಂಗಳದಿಂದ ಚಾವಡಿಗೆ ಮೂರು ಮೆಟ್ಟಿಲು; ಆ ಮೂರನ್ನು ಹತ್ತಲು ನಡುವೆ ನಿಂತು ಸುಧಾರಿಸಿಕೊಳ್ಳುತ್ತಿದ್ದರು. ನನ್ನನ್ನು ಒಂದು ದಿನವೂ ಒಂದು ಮಾತೂ ಕೇಳಲಿಲ್ಲ.

"ನಿನಗೇನು ಗೊತ್ತು, ನೀನೇನು ಡಾಕ್ಟರೇ?" ಎಂದು ಎಲ್ಲರೂ ಸಮಾಧಾನ ಹೇಳಿದರು. ಆ ಸಮಾಧಾನ ನನಗೆ ಯಾವತ್ತೂ ತಾಗಲಿಲ್ಲ. ಯಾಕೆಂದು ಮಾತ್ರ ತಿಳಿಯುತ್ತಿರಲಿಲ್ಲ. ಈ ವರ್ಷ, ಅಲಸಂಡೆ ಮುರಿಯುತ್ತ ಕೂತಿದ್ದಾಗ, ಒಂದು ಪ್ರಶ್ನೆ ಬಂತು. ಹೃದಯದ ನೋವು ಎಡಗೈಯಲ್ಲಿ, ದವಡೆಯಲ್ಲಿ ಕಾಣಿಸಲು ಕಾರಣವೇನು? ನಾಲ್ಕು ಆಯ್ಕೆಗಳನ್ನು ಓದುವಾಗ ನನ್ನ ದನಿ ಸರಿಯಿರಲಿಲ್ಲವೆಂದು ಕಾಣುತ್ತದೆ; ಹುಡುಗಿ ತಲೆಯೆತ್ತಿ ನೋಡಿದಳು. ಆಮೇಲೆ ವಿವರಿಸಿದಳು. ಹೃದಯದಿಂದ ಬರುವ ನರಗಳೂ ಕೈ, ಎದೆಯ ಚರ್ಮದಿಂದ ಬರುವ ನರಗಳೂ ಬೆನ್ನುಹುರಿಯ ಒಂದೇ ಮಟ್ಟದಲ್ಲಿ ಒಳಗೆ ಸೇರುತ್ತವೆ. ಮಿದುಳಿಗೆ ಕೈಯ ನೋವು ಅಭ್ಯಾಸ, ಹೃದಯದ ನೋವು ಅಭ್ಯಾಸವಿಲ್ಲ. ಆದ್ದರಿಂದ ಸುದ್ದಿ ಎಲ್ಲಿಂದ ಬಂತೆಂದು ಸ್ಪಷ್ಟವಾಗದಾಗ ಅದು ಪರಿಚಯದ ಜಾಗವನ್ನೇ ಹೇಳುತ್ತದೆ. "ಬ್ರೈನ್ ಗೆಸ್ ಮಾಡ್ತದೆ ದೊಡ್ಡಮ್ಮ" ಎಂದಳು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಹೊಟ್ಟೆಯ ಮೇಲ್ಭಾಗದ ಒತ್ತಡ, ಬೆನ್ನು ದವಡೆಯ ನೋವು, ಬೆವರು, ವಾಕರಿಕೆ, ವಿಪರೀತ ಸುಸ್ತು, ಇಷ್ಟೇ ಇದ್ದು ಹೃದಯಾಘಾತ ಆಗುವುದುಂಟೆಂದೂ ಹೇಳಿದಳು. ಇದನ್ನು ಓದುತ್ತಿರುವ ಅಕ್ಕತಂಗಿಯರು ಈ ಒಂದು ವಾಕ್ಯವನ್ನು ನೆನಪಿಟ್ಟುಕೊಂಡು ಉಳಿದದ್ದನ್ನು ಮರೆತರೂ ಅಡ್ಡಿಯಿಲ್ಲ. ಅಂಥ ಲಕ್ಷಣ ಕಂಡರೆ ಕಷಾಯ ಕುದಿಸುತ್ತ ಕೂರಬೇಡಿ. ಈಗ 108ರ ಅಂಬುಲೆನ್ಸ್ ಇದೆ. ನಮ್ಮ ರಾಜ್ಯದಲ್ಲಿ ಅದು ಬಂದದ್ದು 2008ರಲ್ಲಿ, ಅಮ್ಮ ಹೋದ ಮೇಲೆ.

ಅಮ್ಮನ ಮಿದುಳು ತಪ್ಪು ಊಹಿಸಿತು, ಸರಿ. ಅದಕ್ಕೆ ಬೇರೆ ದಾರಿ ಇರಲಿಲ್ಲ. ನನಗೆ ಇತ್ತು. ಆ ರಾತ್ರಿ ಹತ್ತೂವರೆಗೆ ಅಮ್ಮ ದವಡೆ ಎಂದಾಗ, ಗ್ಯಾಸಿಗೂ ದವಡೆಗೂ ಎಂತ ಸಂಬಂಧ ಎಂದು ನನ್ನ ಮನಸ್ಸಿನಲ್ಲಿ ಒಮ್ಮೆ ಬಂದು ಹೋಗಿತ್ತು. ಬಂದದ್ದನ್ನು ನಾನು ತಡೆದೆ. ಗೊತ್ತಿಲ್ಲ ಎಂದರೆ ಜೀಪು ಹುಡುಕಬೇಕು, ನೆರೆಯವರನ್ನು ಎಬ್ಬಿಸಬೇಕು, ಹೋಗಿ ನೋಡಿದರೆ ಬರೇ ಗ್ಯಾಸೇ ಆಗಿದ್ದರೆ "ಟೀಚರಮ್ಮ ಗಾಬರಿಯ ಹೆಂಗಸು" ಎನ್ನಿಸಿಕೊಳ್ಳಬೇಕು. ಮನೆಯಲ್ಲಿ ಓದಿದವಳು ನಾನು. ಓದಿದವಳ ಬಾಯಲ್ಲಿ ಉತ್ತರ ಇರಬೇಕಷ್ಟೆ.

ಹಾಗಾದರೆ ಊಹಿಸುವುದೇ ತಪ್ಪೆ? ಹಾಗೆ ಹೇಳಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಎಲ್ಲ ಗೊತ್ತಾದ ಮೇಲೆಯೇ ಕೈ ಹಾಕುತ್ತೇನೆಂದು ಡಾಕ್ಟರು ಕೂತರೆ ರೋಗಿ ಬದುಕುವುದಿಲ್ಲ. ಮಗುವಿಗೆ ರಾತ್ರಿ ಜ್ವರ ಬಂದಾಗ ಎಲ್ಲ ತಾಯಂದಿರೂ ಊಹಿಸುತ್ತಾರೆ. ಗೊತ್ತಿಲ್ಲ ಎಂದು ಕೈ ಚೆಲ್ಲುವುದೂ ಕೆಲವೊಮ್ಮೆ ಬರೇ ಸೋಮಾರಿತನ. ನನ್ನ ಕ್ಲಾಸಿನಲ್ಲಿ ಅಂಥವರು ಇದ್ದಾರೆ. ಗಟ್ಟಿ ಮಾತು ನೋವಿನಲ್ಲಿರುವವರಿಗೆ ಆಸರೆಯೂ ಹೌದು. ನನ್ನ "ಎಂತ ಇಲ್ಲ" ಕೇಳಿ ಅಮ್ಮ ಆ ರಾತ್ರಿ ಸ್ವಲ್ಪ ನಿದ್ದೆ ಮಾಡಿದ್ದರು. ಆದರೆ "ಗ್ಯಾಸ್ ಅಂತ ಕಾಣ್ತದೆ, ನನಗೆ ಸರಿಯಾಗಿ ಗೊತ್ತಿಲ್ಲ" ಎಂದು ತಂಗಿಗೆ ಹೇಳಿದ್ದರೆ? ಊಹೆ ಅದೇ. ಐದಾರು ಶಬ್ದ ಹೆಚ್ಚು. ಅಷ್ಟಕ್ಕೆ ಜೀಪು ಬರುತ್ತಿತ್ತು. ನಾನು ನುಂಗಿದ್ದು ಆ ಐದಾರು ಶಬ್ದಗಳನ್ನು.

ಪ್ರಶ್ನೆಪುಸ್ತಕದ ಮೇಲಿನ ನನ್ನ ಸಿಟ್ಟು ಇಳಿದದ್ದು ಒಂದು ಸಣ್ಣ ಕಾರಣಕ್ಕೆ. ಹುಡುಗಿ ಒಬ್ಬಳೇ ಕೂತು 90 ಪ್ರಶ್ನೆ ಬಿಡಿಸುವಾಗ ಕೆಲವು ಉತ್ತರಗಳ ಪಕ್ಕ ಪೆನ್ಸಿಲಿನಲ್ಲಿ ಒಂದೊಂದು ಸೊನ್ನೆ ಹಾಕುತ್ತಾಳೆ. ಎಂತ ಇದು ಎಂದು ಕೇಳಿದೆ. "ಅದು ಗೆಸ್ ಹೊಡೆದದ್ದು. ಸರಿಯಾದ್ರೂ ಲೆಕ್ಕಕ್ಕಿಲ್ಲ, ಮತ್ತೊಮ್ಮೆ ಓದ್ಬೇಕು." ಆ ದಿನ 71 ಸರಿಯಾಗಿತ್ತು. ಅದರಲ್ಲಿ 13ಕ್ಕೆ ಸೊನ್ನೆ ಇತ್ತು. ಅವಳು ನೋಟ್ ಪುಸ್ತಕದಲ್ಲಿ 58 ಎಂದು ಬರೆದುಕೊಂಡಳು. ನೋಡುವವರು ಯಾರೂ ಇಲ್ಲದ ಕಡೆ, ಅದೃಷ್ಟದಿಂದ ಬಂದ ಸರಿಯನ್ನು ತಪ್ಪೆಂದು ಬರೆದುಕೊಳ್ಳುವುದು! ನನ್ನ ಮೂವತ್ತು ವರ್ಷದ ಕನ್ನಡ ಪಾಠದಲ್ಲಿ ನಾನು ಇಂಥದ್ದನ್ನು ಯಾರಿಗೂ ಕಲಿಸಿದ್ದಿಲ್ಲ.

ಅವಳನ್ನು ದೇವತೆ ಮಾಡುವುದು ಬೇಡ. ಸ್ವಲ್ಪ ಹೊತ್ತಿಗೆ ಅವಳ ಅಮ್ಮ ಫೋನು ಮಾಡಿದಾಗ "71 ಬಂತು" ಎಂದಳು. ನಾನು ಹುಬ್ಬೇರಿಸಿದೆ. "ಸುಳ್ಳಲ್ಲ ದೊಡ್ಡಮ್ಮ, ಮಾರ್ಕು ಅಷ್ಟೇ ಬಂದದ್ದಲ್ವಾ? ಅಮ್ಮನಿಗೆ ಸೊನ್ನೆಯ ಕಥೆ ಹೇಳಿದ್ರೆ ರಾತ್ರಿ ನಿದ್ದೆ ಮಾಡ್ಲಿಕ್ಕಿಲ್ಲ." ಅಮ್ಮ ನಿದ್ದೆ ಮಾಡಲೆಂದು! ನಾನು ಉತ್ತರ ಕೊಡಲಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದೆ, ಎದ್ದು ಹೋದೆ.

ಕಳೆದ ತಿಂಗಳು ತಂಗಿ ಬಂದಿದ್ದಳು. ಇಬ್ಬರೂ ಹುಡುಗಿಯನ್ನು ನೋಡಿ ಬರಲು ಮೂಡುಬಿದಿರೆಯ ಬಸ್ಸು ಹತ್ತಿದೆವು. ಕಿಟಕಿಯ ಬದಿ ಅವಳು. ಬಂಟ್ವಾಳ ಪೇಟೆ ದಾಟಿದ ಮೇಲೆ ನಾನೇ ತೆಗೆದೆ.

"ಆ ರಾತ್ರಿ ನೀನು ಫೋನಿನಲ್ಲಿ ಕೇಳಿದ್ದು ನೆನಪುಂಟಾ?"

ಯಾವ ರಾತ್ರಿ ಎಂದು ಅವಳು ಕೇಳಲಿಲ್ಲ. "ಉಂಟು" ಎಂದಳು. ಸ್ವಲ್ಪ ಬಿಟ್ಟು, "ನಿನಗೆ ಗೊತ್ತಿರಲಿಲ್ಲ ಅಕ್ಕ. ಎಂತ ಮಾಡ್ಲಿಕ್ಕಾಗ್ತದೆ?"

"ಅದಲ್ಲ. ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು. ನಿನಗೆ ಹೇಳ್ಲಿಲ್ಲ."

ಅವಳು ಹೊರಗೆ ನೋಡುತ್ತಿದ್ದಳು. ಬಸ್ಸು ಎರಡು ಕಡೆ ನಿಂತು ಹೊರಟಿತು. ಆಮೇಲೆ, ನನ್ನ ಕಡೆ ತಿರುಗದೆಯೇ, "ನನಗೂ ಸಂಶಯ ಇತ್ತು. ನೀನು ಗ್ಯಾಸ್ ಅಂದದ್ದು ಒಳ್ಳೆಯದಾಯ್ತು, ಈ ಹೊತ್ತಿನಲ್ಲಿ ಜೀಪು ಹುಡುಕುವುದು ತಪ್ಪಿತು ಅಂತ ಮಲಗಿದ್ದೆ" ಎಂದಳು.

ಸಿದ್ಧಕಟ್ಟೆಯಲ್ಲಿ ಬಸ್ಸು ತುಂಬಿತು. ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳಿಗೆ ಜಾಗ ಮಾಡಿಕೊಡಲು ಇಬ್ಬರೂ ಒತ್ತಿ ಕೂತೆವು. ಮೂಡುಬಿದಿರೆ ಬರುವವರೆಗೆ ಬೇರೆ ಮಾತಾಡಲಿಲ್ಲ. ಇಳಿಯುವಾಗ ನನ್ನ ಚೀಲವನ್ನೂ ಅವಳೇ ಹಿಡಿದುಕೊಂಡಳು.